ಕರಟದ ಹೂಕುಂಡ

ಕಾಯಿ ತುರಿದ ಮೇಲೆ ಕರಟವನ್ನು ಏನು ಮಾಡ್ತೀವಿ? ಹಿತ್ತಲಿಗೆ ಎಸೀತೀವಿ. ಅದರಲ್ಲಿ ಮಳೆ ನೀರು ನಿಲ್ಲುತ್ತದೆ. ಡೆಂಗಿ ಜ್ವರ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. 7ರಿಂದ 10 ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ.

ಅದೇ ಕರಟದಿಂದ ಚಂದದ ಹೂಕುಂಡ ಮಾಡೋಣ.

ಕಣ್ಣಿರುವ ಕರಟ ತೆಗೆದುಕೊಳ್ಳೋಣ. ಅದರ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಅದನ್ನು ಮೊಳೆಯಿಂದ ಚುಚ್ಚೋಣ. ನೀರು ಬಸಿಯಲು ಈ ತೂತು ಬೇಕೇ ಬೇಕು. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಅಂಚಿನಲ್ಲಿ 3 ತೂತು ಮಾಡೋಣ. ಹುರಿ ಕಟ್ಟೋಣ. ಮಣ್ಣು, ಗೊಬ್ಬರ ತುಂಬಿ ಟೇಬಲ್ ರೋಸ್ ಕಡ್ಡಿ ನೆಡೋಣ. ಬಿಸಿಲು ಬೀಳುವ ಕಡೆ ತೂಗುಹಾಕೋಣ.

ಉಳಿದ ಕರಟಗಳನ್ನು ಬೋರಲು ಹಾಕೋಣ. ಮನೆ ಮುಂದೆ ಹೂವೂ ಅರಳುತ್ತೆ, ಸೊಳ್ಳೆಗೆ ನೀರೂ ಸಿಗಲ್ಲ.