ಸೆನ್ಸರ್ ಹೊಸದು, ಕಾರಿಗೆ ಮಾತ್ರ ಅಪರಿಚಿತ!

ಟೈರಿನಲ್ಲಿ ಗಾಳಿ ಸರಿಯಾಗಿದೆ. ಹಣ ತೆತ್ತು ಕೆಟ್ಟ ಸೆನ್ಸರನ್ನೂ ಬದಲಾಯಿಸಿಯಾಗಿದೆ. ಆದರೂ ಸ್ಟಿಯರಿಂಗ್ ಎದುರಿನ ಹಳದಿ ದೀಪ ಆರುವುದಿಲ್ಲ. ಅಂಗಡಿಯವರು ಕಳಪೆ ಮಾಲು ಕೊಟ್ಟರೆಂಬ ಅನುಮಾನ ಮೂಡುವುದು ಸಹಜ. ಆದರೆ ಅನೇಕ ಬಾರಿ ದೋಷ ಸೆನ್ಸರಿನದ್ದಲ್ಲ. ಅದನ್ನು ಕಾರಿಗೆ ಪರಿಚಯಿಸುವ ಕೆಲಸ ಬಾಕಿ ಉಳಿದಿರುತ್ತದೆ.

ಟೈರಿನ ಗಾಳಿಯ ಒತ್ತಡದ ಮೇಲೆ ನಿಗಾ ಇಡುವ ಈ ವ್ಯವಸ್ಥೆಯ ಹೆಸರು ಟಿಪಿಎಂಎಸ್. ಟೈರಿನ ಪದರ ಕಿತ್ತುಬಂದು ಸಂಭವಿಸಿದ ಸರಣಿ ಅಪಘಾತಗಳ ಬಳಿಕ ಅಮೆರಿಕ 2000ದಲ್ಲಿ ಹೊಸ ಕಾಯ್ದೆ ತಂದಿತು. ಅದರನ್ವಯ 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಅನ್ವಯಿಸಿತು. ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಹಾಗೂ ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂಬ ನಿಯಮ ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸ್ಟೆಪ್ನಿಯೇ ಇಲ್ಲದ ಕಾರಿನಲ್ಲಿ ಈ ದೀಪದ ಮಾತಿಗೆ ಎಷ್ಟು ಬೆಲೆಯೆಂದು ಬೇರೆ ಹೇಳಬೇಕಿಲ್ಲ.

ಗುರುತಿನ ಸಂಖ್ಯೆಯೇ ಮುಖ್ಯ

ರಿಮ್ಮಿನ ಒಳಗೆ, ವಾಲ್ವಿನ ಬುಡದಲ್ಲಿ ಕೂರುವ ಪ್ರತಿಯೊಂದು ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆಯುಂಟು. ಒತ್ತಡದ ಅಳತೆಯೊಡನೆ ಆ ಸಂಖ್ಯೆಯನ್ನೂ ಅದು ರೇಡಿಯೋ ಅಲೆಯ ಮೂಲಕ ರವಾನಿಸುತ್ತದೆ. ಪಕ್ಕದಲ್ಲಿ ನಿಂತ ಕಾರಿನ ಸಂಕೇತದೊಡನೆ ಗೊಂದಲವಾಗದಿರಲೆಂದು, ಕಾರಿನ ಕಂಪ್ಯೂಟರ್ ತನ್ನ ನೆನಪಿನಲ್ಲಿರುವ ಸಂಖ್ಯೆಗಳಿಗಷ್ಟೇ ಕಿವಿಗೊಡುತ್ತದೆ. ಸೆನ್ಸರಿನ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅದನ್ನು ಪ್ರತ್ಯೇಕವಾಗಿ ಬದಲಿಸಲಾಗದ ಕಾರಣ ಇಡೀ ಸೆನ್ಸರನ್ನೇ ಬದಲಿಸಬೇಕಾಗುತ್ತದೆ. ನೋಂದಣಿಯಾಗದಿದ್ದರೆ ಕಾರು ಹಳೆಯದನ್ನೇ ಹುಡುಕುತ್ತಿರುತ್ತದೆ.

ನೋಂದಣಿಗೆ ಮೂರು ದಾರಿಗಳಿವೆ. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವಾಗಿಯೇ ಕಲಿತುಕೊಳ್ಳುತ್ತವೆ. ಇನ್ನು ಕೆಲವನ್ನು ನಿಂತಲ್ಲಿಯೇ ಕಲಿಕೆಯ ಸ್ಥಿತಿಗೆ ತಂದು, ಚಿಕ್ಕ ಉಪಕರಣವೊಂದನ್ನು ಒಂದೊಂದೇ ಚಕ್ರದ ಬಳಿ ಹಿಡಿದು ಸೆನ್ಸರನ್ನು ಎಚ್ಚರಿಸಬೇಕು. ಎಡ ಮುಂಭಾಗ, ಬಲ ಮುಂಭಾಗ, ಬಲ ಹಿಂಭಾಗ, ಎಡ ಹಿಂಭಾಗ ಎಂಬ ಕ್ರಮ ಹೆಚ್ಚು ಬಳಕೆಯಲ್ಲಿದೆ. ಮೂರನೆಯ ಬಗೆಯ ಕಾರುಗಳಲ್ಲಿ ಓಬಿಡಿ ಕಿಂಡಿಗೆ ಸ್ಕ್ಯಾನರ್ ಜೋಡಿಸಿ ಸಂಖ್ಯೆಗಳನ್ನು ಬರೆಯಬೇಕು. ಯಾವ ಕಾರಿಗೆ ಯಾವ ದಾರಿಯೆಂಬುದನ್ನು ಅದರ ಕೈಪಿಡಿ ಅಥವಾ ಸರ್ವಿಸ್ ಕೇಂದ್ರ ತಿಳಿಸುತ್ತದೆ. ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿದರೆ ಈ ತಾಪತ್ರಯವೇ ಇಲ್ಲ. ಆದರೆ ಎಲ್ಲ ಸೆನ್ಸರುಗಳಿಗೂ ಆ ಸೌಲಭ್ಯವಿಲ್ಲ.

ಅಮೆರಿಕದಿಂದ ನೆಂಟರ ಕೈಲಿ ಸೆನ್ಸರ್ ತರಿಸುವವರು ಎಚ್ಚರ ವಹಿಸಬೇಕು. ಅಲ್ಲಿ 315 ಮೆಗಾಹರ್ಟ್ಸ್ ಬಳಕೆ ವ್ಯಾಪಕ. ಯೂರೋಪು ಹಾಗೂ ಭಾರತದಲ್ಲಿ 433. ಆವರ್ತನ ಬೇರೆಯಾದರೆ ಯಾವ ನೋಂದಣಿಯೂ ಫಲಿಸದು.

ಚಕ್ರದಲ್ಲಿ ಸೆನ್ಸರೇ ಇಲ್ಲದೆ, ಎಬಿಎಸ್ ನೆರವಿನಿಂದ ಚಕ್ರಗಳ ವೇಗ ಹೋಲಿಸುವ ಕಾರುಗಳೂ ಇವೆ. ಅಂಥವುಗಳಲ್ಲಿ ಗಾಳಿ ತುಂಬಿಸಿದ ಮೇಲೆ ರೀಸೆಟ್ ಮಾಡಿದರೆ ಸಾಕು.

ದೀಪದ ಭಾಷೆ

ಬಹುತೇಕ ಕಾರುಗಳಲ್ಲಿ ದೀಪ ಒಂದು ನಿಮಿಷದಷ್ಟು ಮಿನುಗಿ ನಂತರ ಸ್ಥಿರವಾದರೆ ವ್ಯವಸ್ಥೆಯಲ್ಲೇ ದೋಷವಿದೆಯೆಂದು ಅರ್ಥ. ಮಿನುಗದೆ ನೇರವಾಗಿ ಹೊತ್ತಿದರೆ ಗಾಳಿ ಕಡಿಮೆಯಾಗಿದೆ. ನೋಂದಣಿ ಬಾಕಿಯಿದ್ದು ಸದಾ ದೀಪ ಉರಿಯುವ ಕಾರಿನಲ್ಲಿ ಚಾಲಕ ಅದನ್ನು ನೋಡುವುದನ್ನೇ ಬಿಡುತ್ತಾನೆ. ಹೆದ್ದಾರಿಯಲ್ಲಿ ನಿಜವಾಗಿ ಗಾಳಿ ಇಳಿದ ದಿನ ಅದನ್ನು ಹೇಳಲು ಬೇರೆ ದೀಪವಿರುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಅಮೆರಿಕದ ನಿಯಮದಂತೆ, ಶಿಫಾರಸಿನ ಒತ್ತಡ ಶೇ. 25ರಷ್ಟು ಕುಸಿದಾಗ ದೀಪ ಹೊತ್ತಬೇಕು. ಅಂದರೆ 32 ಪಿಎಸ್ಐ ಇರಬೇಕಾದ ಟೈರು 24ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು. ಆದ್ದರಿಂದ ತಿಂಗಳಿಗೊಮ್ಮೆ ಗೇಜ್ ಹಿಡಿದು ನೋಡುವ ಹಳೆಯ ಅಭ್ಯಾಸ ಬಿಡಬಾರದು. ಸೆನ್ಸರ್ ಬದಲಿಸಿದ ದಿನ, ದೀಪ ಆರಿ ನಾಲ್ಕೂ ಚಕ್ರಗಳ ಸಂಕೇತ ತಲುಪುತ್ತಿರುವುದನ್ನು ಖಚಿತಪಡಿಸಿಕೊಂಡೇ ಹಣ ಪಾವತಿಸುವುದು ಜಾಣತನ.