ಊರ ಬಾವಿಯ ನೀರು ಕೆಡದಂತೆ ಕಾಯೋಣ



ನಾರುಹುಣ್ಣು ಎಂಬ ರೋಗದ ಹೆಸರನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೀರಾ? ಕಾಲಿನ ಮೇಲೆ ಬೊಬ್ಬೆ ಎದ್ದು ಒಡೆದು, ಎರಡು ಮೂರು ಅಡಿ ಉದ್ದದ ದಾರದಂಥ ಹುಳು ದಿನಕ್ಕೊಂದಿಷ್ಟು ಹೊರಬರುತ್ತಿತ್ತು. ಬಿತ್ತನೆಯ ಹೊತ್ತಿಗೆ ಮನೆಯ ಯಜಮಾನ ಹಾಸಿಗೆ ಹಿಡಿದರೆ ಆ ವರ್ಷದ ಬೇಸಾಯ ಹೋದ ಹಾಗೆಯೇ. ಕರ್ನಾಟಕದ ಹಳ್ಳಿಗಳಲ್ಲೂ ಈ ರೋಗ ಇತ್ತು.

ಬರುತ್ತಿದ್ದುದು ಎಲ್ಲಿಂದ? ಮೆಟ್ಟಿಲು ಬಾವಿಯಿಂದ. ಹುಣ್ಣಿನ ಕಾಲನ್ನು ನೀರಿಗಿಟ್ಟರೆ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ನೀರಲ್ಲಿರುವ ಸಣ್ಣ ಜೀವಿಗಳು ಅವನ್ನು ನುಂಗುತ್ತಿದ್ದವು. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಹುಣ್ಣು. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಆದರೂ 1996ರ ನಂತರ ನಮ್ಮ ದೇಶದಲ್ಲಿ ಅದು ಕಾಣಿಸಿಕೊಂಡಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತವೆಂದು ಸಾರಿತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ನೀರಿಗೆ ಔಷಧಿ ಹಾಕಿದರು, ಜನ ಬಟ್ಟೆಯಲ್ಲಿ ಸೋಸಿ ಕುಡಿದರು. ರೋಗ ಹೋಯಿತು.

ಈಗ ನೀರಿಗೆ ಬೇರೆ ಕೊಳೆ ಸೇರುತ್ತಿದೆ. "ಕುದಿಸಿ ಕುಡಿದರಾಯ್ತಲ್ಲ" ಅಂತೀರಾ? ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಯೂರಿಯಾದಿಂದ, ತಿಪ್ಪೆಯಿಂದ, ಕಕ್ಕಸು ಗುಂಡಿಯಿಂದ ಇಳಿದ ನೈಟ್ರೇಟ್ ಕುದಿಸಿದರೂ ಹೋಗದು. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಲ್ಲಿ ಪುಡಿಹಾಲು ಕಲಸಿ ಎಳೆಗೂಸಿಗೆ ಕುಡಿಸಿದರೆ, ರಕ್ತ ಪ್ರಾಣವಾಯುವನ್ನು ಹೊರಲಾರದೆ ಕೂಸಿನ ಮೈ ನೀಲಿಗಟ್ಟಬಹುದು. ಆದ್ದರಿಂದ ಕೊಳೆ ನೀರಿಗೆ ಸೇರುವ ಮೊದಲೇ ತಡೆಯಬೇಕು.

ಮೊದಲು ಬಾವಿಯ ಸುತ್ತ ನೋಡಿ. ಎದೆಮಟ್ಟದ ಕಟ್ಟೆ, ಸುತ್ತ ಗಾರೆಯ ನೆಲ, ಚೆಲ್ಲಿದ ನೀರು ದೂರ ಹರಿಯಲು ಕಾಲುವೆ ಇರಲಿ. ಆ ನೀರನ್ನು ಬಾಳೆಗೋ ತೆಂಗಿಗೋ ಬಿಡಿ. ತಿಪ್ಪೆ, ಕಕ್ಕಸು ಗುಂಡಿ ಬಾವಿಗೆ 50 ಅಡಿಯಾದರೂ ದೂರ, ಅದೂ ಇಳಿಜಾರಿನ ಕೆಳಗಡೆ ಇರಬೇಕು. ಬಟ್ಟೆ ಒಗೆಯುವುದು, ದನ ತೊಳೆಯುವುದು ಬಾವಿಯ ಹತ್ತಿರ ಬೇಡ.

ಎರಡನೆಯದು ಕೀಟನಾಶಕ. ಸ್ಪ್ರೇಯರನ್ನು ಬಾವಿ, ಕೆರೆ, ಹಳ್ಳದಲ್ಲಿ ತೊಳೆಯಲೇಬೇಡಿ. ಖಾಲಿ ಡಬ್ಬಿಯನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇಯರಿಗೇ ಸುರಿದು ಅದೇ ಬೆಳೆಗೆ ಹೊಡೆಯಿರಿ. ಆಮೇಲೆ ಡಬ್ಬಿಗೆ ತೂತು ಹಾಕಿ. ಯಾರೂ ನೀರು ತುಂಬಿಡುವಂತಾಗಬಾರದು.

ಮೂರನೆಯದು ಯೂರಿಯಾ. ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ ಕೊಡಿ. ಜಡಿಮಳೆಯ ಮುಂಚೆ ಹಾಕಿದರೆ ಬೆಳೆಗೂ ಇಲ್ಲ, ದುಡ್ಡೂ ಹೋಯ್ತು, ಬಾವಿಯೂ ಕೆಟ್ಟಿತು.

ನಾಲ್ಕನೆಯದು ಹಾಳುಬಾವಿ. ಬತ್ತಿದೆಯೆಂದು ಅದಕ್ಕೆ ಕಸ, ಸತ್ತ ಪ್ರಾಣಿ ಹಾಕಬೇಡಿ. ಮಳೆ ಬಂದಾಗ ಆ ಕೊಳೆಯೆಲ್ಲ ಅಂತರ್ಜಲಕ್ಕೆ ನೇರವಾಗಿ ಇಳಿಯುತ್ತದೆ. ನೀರು ಬಾರದ ಕೊಳವೆಬಾವಿಯ ಬಾಯನ್ನು ಭದ್ರವಾಗಿ ಮುಚ್ಚಿಸಿ. ಮಕ್ಕಳ ಜೀವಕ್ಕೂ ಅದು ಕ್ಷೇಮ.

ಕೊನೆಯದು ಬ್ಲೀಚಿಂಗ್ ಪುಡಿ. 1000 ಲೀಟರಿಗೆ 2.5 ಗ್ರಾಂ ಲೆಕ್ಕ. 2 ಮೀಟರು ಅಗಲದ ದುಂಡು ಬಾವಿಯಲ್ಲಿ 3 ಮೀಟರು ನೀರಿದ್ದರೆ ಸುಮಾರು 24 ಗ್ರಾಂ ಬೇಕು. ಗಾಳಿಯಾಡದ ಡಬ್ಬಿಯಲ್ಲಿಟ್ಟ ಹೊಸ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕಿ. ರಾತ್ರಿ ಹಾಕಿದರೆ ಬೆಳಗ್ಗೆ ಸೇದಬಹುದು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಬಾವಿಯಿಂದ ತಿಪ್ಪೆಗೆ ಹೆಜ್ಜೆ ಹಾಕಿ ಎಣಿಸಿ. ಇಪ್ಪತ್ತು ದೊಡ್ಡ ಹೆಜ್ಜೆಗೆ ಮುಂಚೆ ತಿಪ್ಪೆ ಸಿಕ್ಕಿದರೆ, ಮುಂಗಾರು ಹಿಡಿಯುವುದರೊಳಗೆ ಅದನ್ನು ಸಾಗಿಸಿಬಿಡಿ.