ಕಾಲವಿಪರ್ಯಾಸ: ಕಲೆ, ಕಾವ್ಯ ಮತ್ತು ಇತಿಹಾಸರಚನೆಯಲ್ಲಿ

ಒಂದು ಕಾಲಕ್ಕೆ ಸೇರಿದ ವಸ್ತು, ಆಚಾರ, ಮಾತು ಅಥವಾ ಭಾವನೆಯನ್ನು ಅದು ಇದ್ದಿರಲಾರದ ಮತ್ತೊಂದು ಕಾಲಕ್ಕೆ ಆರೋಪಿಸುವುದನ್ನು ಕಾಲವಿಪರ್ಯಾಸವೆಂದು ಕರೆಯಬಹುದು. ಇಂಗ್ಲಿಷಿನ ‘ಅನಾಕ್ರಾನಿಸಂ’ ಎಂಬ ಮಾತಿಗೆ ಇದು ಸಮೀಪವಾದ ಪದ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಗಡಿಯಾರವು ಗಂಟೆ ಬಾರಿಸುವುದು ಇದಕ್ಕೆ ತರಗತಿಗಳಲ್ಲಿ ಸಾಮಾನ್ಯವಾಗಿ ಕೊಡುವ ಉದಾಹರಣೆ. ಸೀಸರನು ಸತ್ತುದು ಕ್ರಿ. ಪೂ. ೪೪ರಲ್ಲಿ, ಗಂಟೆ ಬಾರಿಸುವ ಯಂತ್ರ ಯೂರೋಪಿನಲ್ಲಿ ಬಳಕೆಗೆ ಬಂದುದು ಅದಕ್ಕೆ ಹದಿಮೂರು ಶತಮಾನಗಳ ತರುವಾಯ. ಅಧ್ಯಾಪಕನು ತಪ್ಪನ್ನು ತೋರಿಸುತ್ತಾನೆ, ವಿದ್ಯಾರ್ಥಿಯು ಗುರುತು ಹಾಕಿಕೊಳ್ಳುತ್ತಾನೆ, ವಿಚಾರವು ಅಲ್ಲಿಗೆ ಮುಗಿಯುತ್ತದೆ. ಆದರೆ ಅದು ನಿಜವಾಗಿ ಮೊದಲಾಗಬೇಕಾದುದು ಅಲ್ಲಿಂದಲೇ. ಒಂದೇ ಹೆಸರಿನಿಂದ ಕರೆಯಲ್ಪಡುವ ಈ ವಿಪರ್ಯಾಸವು ಕವಿಯಲ್ಲಿ ಒಂದು ಬಗೆ, ಕೃತಕಶಾಸನವನ್ನು ರಚಿಸಿದವನಲ್ಲಿ ಇನ್ನೊಂದು ಬಗೆ, ಇತಿಹಾಸಕಾರನಲ್ಲಿ ಮತ್ತೊಂದು ಬಗೆ. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದ ಕಾವ್ಯಕ್ಕೂ ಅನ್ಯಾಯವಾಗುತ್ತದೆ, ಇತಿಹಾಸಕ್ಕೂ ಹಾನಿಯಾಗುತ್ತದೆ. ಈ ಭೇದವನ್ನು ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ನಮ್ಮ ಆಲಂಕಾರಿಕರು ಈ ದೋಷವನ್ನು ಬಲ್ಲವರಾಗಿದ್ದರೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಭಾಮಹ ಮತ್ತು ದಂಡಿ ಇಬ್ಬರೂ ಕಾವ್ಯದೋಷಗಳನ್ನು ಎಣಿಸುವಾಗ ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರುದ್ಧವಾದುದನ್ನು ಹೇಳುವುದೂ ದೋಷವೆಂದಿದ್ದಾರೆ. ಇಲ್ಲಿ ‘ಕಾಲವಿರೋಧ’ವೆಂಬ ಹೆಸರು ಸಿದ್ಧವಾಗಿಯೇ ಇದೆ. ಆದರೆ ದಂಡಿಯು ಕಾಲವೆಂಬುದಕ್ಕೆ ಕೊಡುವ ಅರ್ಥವನ್ನು ಗಮನಿಸಬೇಕು. ಅವನ ಪ್ರಕಾರ ಕಾಲವೆಂದರೆ ರಾತ್ರಿ, ಹಗಲು ಮತ್ತು ಋತುಗಳು. ತಾವರೆಯು ಇರುಳಿನಲ್ಲಿ ಅರಳಿತೆಂದೂ ನೈದಿಲೆಯು ಹಗಲಿನಲ್ಲಿ ಬಿರಿಯಿತೆಂದೂ ಬೇಸಗೆಯು ಮೋಡ ಕವಿದಿತ್ತೆಂದೂ ವರ್ಣಿಸುವುದು ಅವನಿಗೆ ಕಾಲವಿರೋಧ. ಒಂದು ಯುಗದ ಆಯುಧವನ್ನು ಇನ್ನೊಂದು ಯುಗದ ವೀರನ ಕೈಗೆ ಕೊಡುವುದನ್ನು ಅವನು ಇಲ್ಲಿ ಎತ್ತಿಕೊಂಡಿಲ್ಲ. ಮರಳಿ ಮರಳಿ ಬರುವ ನಿಸರ್ಗಕಾಲವು ಅವನ ದೃಷ್ಟಿಯಲ್ಲಿತ್ತು. ಒಮ್ಮೆ ಕಳೆದು ಮತ್ತೆ ಬಾರದ ಚರಿತ್ರೆಯ ಕಾಲವಲ್ಲ.

ಆದುದರಿಂದ ದಂಡಿಯ ‘ಕಾಲವಿರೋಧ’ವನ್ನು ಆಧುನಿಕ ಕಾಲವಿಪರ್ಯಾಸಕ್ಕೆ ಪರ್ಯಾಯವೆಂದು ಹೇಳಿದರೆ ಆ ಹೇಳಿಕೆಯೇ ಒಂದು ಕಾಲವಿಪರ್ಯಾಸವಾಗುತ್ತದೆ. ಆದರೂ ಅವನ ಇನ್ನೊಂದು ಮಾತು ನಮಗೆ ಇಂದಿಗೂ ಉಪಯುಕ್ತವಾಗಿದೆ. ಇಂಥ ವಿರೋಧಗಳೆಲ್ಲವೂ ಕವಿಯ ಕೌಶಲದಿಂದ ಕೆಲವೊಮ್ಮೆ ದೋಷದ ಎಣಿಕೆಯಿಂದ ಪಾರಾಗಿ ಗುಣವಾಗಿ ಪರಿಣಮಿಸಬಲ್ಲವೆಂಬುದು ಅವನ ಅಭಿಪ್ರಾಯ.

೨

ಗುಣವಾಗಿ ಪರಿಣಮಿಸಿದ ವಿಪರ್ಯಾಸಕ್ಕೆ ಕನ್ನಡದಲ್ಲಿ ಪಂಪನ ‘ವಿಕ್ರಮಾರ್ಜುನವಿಜಯ’ಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಕ್ರಿ. ಶ. ೯೪೧ರಲ್ಲಿ ರಚಿತವಾಯಿತೆಂದು ಎಣಿಸಲಾಗಿರುವ ಈ ಕಾವ್ಯದಲ್ಲಿ ಕವಿಯು ತನ್ನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿದ್ದಾನೆ. ಅರಿಕೇಸರಿಯ ಬಿರುದುಗಳನ್ನೇ ಇಲ್ಲಿ ಅರ್ಜುನನು ಧರಿಸುತ್ತಾನೆ. ಅವುಗಳಲ್ಲಿ ‘ಸಾಮಂತಚೂಡಾಮಣಿ’ ಎಂಬುದೂ ಒಂದು. ಕುರುಕುಲದ ರಾಜಪುತ್ರನಿಗೆ ಸಾಮಂತರಲ್ಲಿ ಶ್ರೇಷ್ಠನೆಂಬ ಬಿರುದು ಹೇಗೆ ಹೊಂದೀತು? ರಾಷ್ಟ್ರಕೂಟ ಚಕ್ರವರ್ತಿಗೆ ಅಧೀನನಾಗಿದ್ದ ಅರಿಕೇಸರಿಗೆ ಮಾತ್ರವೇ ಅದು ಹೊಂದುತ್ತದೆ. ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಗೆ ಬಂದು ಆ ನಾಡಿನ ಚೆಲುವಿಗೆ ಮನಸೋಲುವುದೂ ವ್ಯಾಸಭಾರತದ ಕಾಲಕ್ಕೆ ಸೇರಿದುದಲ್ಲ, ಪಂಪನ ಕಾಲಕ್ಕೆ ಸೇರಿದುದು. ಕಾವ್ಯದ ಕೊನೆಯಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನ.

ಇದನ್ನು ಕವಿಯ ಅಜ್ಞಾನವೆಂದು ಯಾರೂ ಹೇಳಲಾರರು. ಪಂಪನು ಎರಡು ಕಾಲಗಳನ್ನು ಚೆನ್ನಾಗಿ ಬಲ್ಲವನಾಗಿಯೇ ಒಂದರ ಮೇಲೊಂದನ್ನು ಇರಿಸಿದನು. ಭಾರತದ ಕಥೆಯಿಂದ ಹತ್ತನೆಯ ಶತಮಾನದ ಒಬ್ಬ ಸಾಮಂತನಿಗೆ ಘನತೆ ಬಂದಿತು. ಆ ಸಾಮಂತನ ಕಾಲದ ವೀರ, ತ್ಯಾಗ, ಸ್ವಾಮಿಭಕ್ತಿಗಳಿಂದ ಹಳೆಯ ಕಥೆಗೆ ಹೊಸ ಉಸಿರು ಬಂದಿತು. ರನ್ನನು ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಇದೇ ಮಾರ್ಗವನ್ನು ಹಿಡಿದನು.

ಚಿತ್ರಕಲೆಯಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಗಳಿವೆ. ಜರ್ಮನಿಯ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರನು ೧೫೨೯ರಲ್ಲಿ ಬರೆದ, ಈಗ ಮ್ಯೂನಿಕ್ ನಗರದಲ್ಲಿರುವ ಚಿತ್ರದ ವಸ್ತು ಕ್ರಿ. ಪೂ. ೩೩೩ರಲ್ಲಿ ಅಲೆಕ್ಸಾಂಡರನಿಗೂ ಪಾರಸಿಕ ದೊರೆ ಡೇರಿಯಸನಿಗೂ ನಡೆದ ಇಸ್ಸಸ್ ಕದನ. ಆದರೆ ಗ್ರೀಕ್ ಯೋಧರು ತೊಟ್ಟಿರುವುದು ಹದಿನಾರನೆಯ ಶತಮಾನದ ಉಕ್ಕಿನ ಕವಚ. ಪಾರಸಿಕರು ತುರ್ಕರಂತೆ ಮುಂಡಾಸು ಸುತ್ತಿದ್ದಾರೆ. ಅದೇ ೧೫೨೯ರಲ್ಲಿ ತುರ್ಕರ ಸೈನ್ಯವು ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿತ್ತೆಂಬುದನ್ನು ನೆನೆದರೆ ಚಿತ್ರದ ಅರ್ಥವು ತಾನಾಗಿಯೇ ಹೊಳೆಯುತ್ತದೆ. ಜರ್ಮನ್ ಇತಿಹಾಸಕಾರ ರೈನ್‌ಹಾರ್ಟ್ ಕೊಸೆಲ್ಲೆಕ್ ೧೯೭೯ರ ತನ್ನ ಗ್ರಂಥದಲ್ಲಿ ಈ ಚಿತ್ರದ ಬಗ್ಗೆ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ್ದಾನೆ: ಚಿತ್ರಕಾರನು ಸೈನ್ಯಗಳ ಸಂಖ್ಯೆಯನ್ನು ಬಾವುಟಗಳ ಮೇಲೆ ಶ್ರದ್ಧೆಯಿಂದ ಬರೆದಿದ್ದಾನೆ, ಆದರೆ ಯುದ್ಧದ ವರ್ಷವನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ಅವನಿಗೆ ಹಿಂದಿನ ಯುದ್ಧವೂ ಇಂದಿನ ಯುದ್ಧವೂ ಒಂದೇ ಕಾಲದಲ್ಲಿ ನೆಲೆಸಿದ್ದುವು. ಲೇಪಾಕ್ಷಿಯ ದೇವಾಲಯದ ಚಾವಣಿಯಲ್ಲಿ ಪುರಾಣದ ಪಾತ್ರಗಳು ವಿಜಯನಗರ ಕಾಲದ ಉಡುಗೆತೊಡುಗೆಗಳನ್ನು ಧರಿಸಿ ನಿಂತಿರುವುದನ್ನು ನೋಡಿದವರಿಗೆ ಈ ಮನೋಧರ್ಮವು ಅಪರಿಚಿತವಲ್ಲ.

ಇಲ್ಲಿ ಒಂದು ತಾರತಮ್ಯವನ್ನು ಹೇಳಬೇಕು. ಕೃತಿಯು ಓದುಗನಿಗೆ ಏನನ್ನು ವಾಗ್ದಾನ ಮಾಡುತ್ತದೆಯೋ ಅದರಿಂದಲೇ ವಿಪರ್ಯಾಸದ ಗುಣದೋಷಗಳು ನಿರ್ಣಯವಾಗುತ್ತವೆ. ಪಂಪನು ದ್ವಾಪರಯುಗದ ದಿನಚರಿಯನ್ನು ಒದಗಿಸುವೆನೆಂದು ಹೇಳಿದವನಲ್ಲ. ಆದರೆ ಒಂದು ನಿರ್ದಿಷ್ಟ ಕಾಲದ ಜೀವನವನ್ನು ಯಥಾವತ್ತಾಗಿ ಚಿತ್ರಿಸುವೆನೆಂದು ಹೊರಟ ಇಂದಿನ ಐತಿಹಾಸಿಕ ಕಾದಂಬರಿಕಾರನು ಹೊಯ್ಸಳರ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿಸಿದರೆ ಅದು ದೋಷವೇ ಸರಿ. ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಇವೆಲ್ಲ ಅಮೆರಿಕ ಖಂಡದಿಂದ ಬಂದವು. ೧೪೯೮ರಲ್ಲಿ ಪೋರ್ಚುಗೀಸರ ಹಡಗುಗಳು ಬರುವುದಕ್ಕೆ ಮುಂಚೆ ನಮ್ಮಲ್ಲಿ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿಗಳೇ ಆಗಿದ್ದುವು.

೩

ಕಲೆಯಿಂದ ದಾಖಲೆಗೆ ಬಂದೊಡನೆ ಕಾಲವಿಪರ್ಯಾಸದ ಪಾತ್ರವು ಪೂರ್ಣವಾಗಿ ಬದಲಾಗುತ್ತದೆ. ದಾಖಲೆಯು ತಾನು ಇಂಥ ಕಾಲದಲ್ಲಿ ಹುಟ್ಟಿದೆನೆಂದು ಸಾಕ್ಷ್ಯ ಹೇಳುತ್ತದೆ. ಆ ಕಾಲದಲ್ಲಿ ಇದ್ದಿರಲಾರದ ಒಂದೇ ಒಂದು ಪದವು ಅದರಲ್ಲಿ ಕಂಡುಬಂದರೂ ಇಡೀ ಸಾಕ್ಷ್ಯದ ಮೇಲೆ ಸಂಶಯ ಬೀಳುತ್ತದೆ.

ಇದಕ್ಕೆ ಪ್ರಖ್ಯಾತವಾದ ಉದಾಹರಣೆ ‘ಕಾನ್‌ಸ್ಟಂಟೈನನ ದಾನಪತ್ರ’. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಪಶ್ಚಿಮದ ರಾಜ್ಯಾಧಿಕಾರವನ್ನು ಪೋಪನಿಗೆ ಒಪ್ಪಿಸಿಕೊಟ್ಟನೆಂದು ಸಾರುವ ಈ ಪತ್ರವನ್ನು ಮಧ್ಯಯುಗದಲ್ಲಿ ಪ್ರಮಾಣವೆಂದು ತಿಳಿಯಲಾಗಿತ್ತು. ೧೪೪೦ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲನು ಇದು ಕೃತಕವೆಂದು ಸಾಧಿಸಿದನು. ಅವನ ಮುಖ್ಯವಾದ ಆಯುಧ ಭಾಷೆಯ ಪರೀಕ್ಷೆ. ಪತ್ರದಲ್ಲಿ ರೋಮನ್ ಅಧಿಕಾರಿಗಳ ಸಾಲಿನಲ್ಲಿ ‘ಸತ್ರಪ’ರೆಂಬುವರು ಕಾಣಿಸಿಕೊಳ್ಳುತ್ತಾರೆ. ನಮ್ಮ ಶಾಸನಗಳಲ್ಲಿ ‘ಕ್ಷತ್ರಪ’ ಎಂಬ ರೂಪದಲ್ಲಿ ಬರುವ ಈ ಪದವು ಮೂಲತಃ ಪಾರಸಿಕ ರಾಜ್ಯದ್ದು. ರೋಮಿನ ಆಡಳಿತದಲ್ಲಿ ಇಂಥ ಅಧಿಕಾರಿಗಳು ಎಲ್ಲಿದ್ದರೆಂದು ವಾಲನು ಕೇಳಿದನು. ಕಾನ್‌ಸ್ಟಂಟಿನೋಪಲ್ ನಗರವು ಇನ್ನೂ ರೂಪುಗೊಳ್ಳದಿದ್ದಾಗಲೇ ಅದರ ಧರ್ಮಪೀಠದ ಹೆಸರು ಹೇಗೆ ಬಂದಿತೆಂದೂ ಕೇಳಿದನು. ವಾಲನ ಆಶ್ರಯದಾತನಾದ ಆಲ್ಫೊನ್ಸೊ ದೊರೆಗೆ ಪೋಪನೊಡನೆ ವಿರೋಧವಿದ್ದುದು ನಿಜ. ಆದರೆ ಉದ್ದೇಶವೇನೇ ಇರಲಿ, ವಾದವು ನಿಂತುದು ಪ್ರಮಾಣದ ಬಲದಿಂದ. ಆ ಪತ್ರವು ಎಂಟನೆಯ ಶತಮಾನದ ಸುಮಾರಿಗೆ ಹುಟ್ಟಿದುದೆಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಕರ್ನಾಟಕದ ಶಾಸನಾಭ್ಯಾಸಿಗಳಿಗೂ ಇಂಥ ದಾಖಲೆಗಳ ಪರಿಚಯವುಂಟು. ಶಿವಮೊಗ್ಗ ಸೀಮೆಯಲ್ಲಿ ದೊರೆತ ಕೆಲವು ತಾಮ್ರಪಟಗಳು ತಾವು ಪರೀಕ್ಷಿತನ ಮಗನಾದ ಜನಮೇಜಯನು ಸರ್ಪಯಾಗದ ಸಂದರ್ಭದಲ್ಲಿ ಕೊಟ್ಟ ದಾನಗಳೆಂದು ಹೇಳಿಕೊಳ್ಳುತ್ತವೆ. ಆದರೆ ಲಿಪಿ ನಾಗರಿ. ಜನಮೇಜಯನಿಗೆ ಹಚ್ಚಿರುವ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ ಮುಂತಾದ ಬಿರುದುಗಳು ನಮಗೆ ಚಾಲುಕ್ಯ ಶಾಸನಗಳಿಂದ ಪರಿಚಿತವಾದವು. ಪಂಪನು ಅರ್ಜುನನಿಗೆ ಅರಿಕೇಸರಿಯ ಬಿರುದನ್ನು ತೊಡಿಸಿದನು. ಈ ಪಟಗಳನ್ನು ಬರೆದವನು ಜನಮೇಜಯನಿಗೆ ಚಾಲುಕ್ಯರ ಬಿರುದನ್ನು ತೊಡಿಸಿದನು. ಕೈಕೆಲಸ ಒಂದೇ, ವಾಗ್ದಾನ ಬೇರೆ. ಅದು ಕಾವ್ಯವಾಯಿತು, ಇದು ಭೂಮಿಯ ಹಕ್ಕನ್ನು ಸ್ಥಾಪಿಸಲು ಹೂಡಿದ ಕೃತಕಪ್ರಮಾಣವಾಯಿತು. ಹಾಗೆಂದು ಇಂಥ ಪಟಗಳು ನಿರುಪಯುಕ್ತವೆಂದು ತಿಳಿಯಬಾರದು. ಅವು ಜನಮೇಜಯನ ಕಾಲಕ್ಕೆ ಸಾಕ್ಷಿಯಲ್ಲದಿದ್ದರೂ, ಹಕ್ಕಿಗೆ ಪ್ರಾಚೀನತೆಯ ಮುದ್ರೆ ಬೇಕೆನಿಸಿದ ಮುಂದಿನ ಕಾಲದ ಸಮಾಜಕ್ಕೆ ಒಳ್ಳೆಯ ಸಾಕ್ಷಿಗಳಾಗಿವೆ.

ಆದರೆ ವಿಪರ್ಯಾಸವನ್ನು ಕಂಡೆನೆನ್ನುವ ಮುನ್ನ ಕಂಡುದನ್ನು ಸರಿಯಾಗಿ ಗುರುತಿಸಿದ್ದೇವೆಯೇ ಎಂಬುದನ್ನು ವಿಚಾರಿಸಬೇಕು. ಹದಿಮೂರನೆಯ ಶತಮಾನದ ಸೋಮನಾಥಪುರ ದೇವಾಲಯದ ಕೆಲವು ವಿಗ್ರಹಗಳ ಕೈಯಲ್ಲಿ ಸಾಲುಸಾಲಾಗಿ ಮಣಿಗಳುಳ್ಳ, ತೆನೆಯಂತಹ ವಸ್ತುವೊಂದಿದೆ. ೧೯೮೯ರಲ್ಲಿ ಅಮೆರಿಕದ ಭೂಗೋಳವಿಜ್ಞಾನಿ ಕಾರ್ಲ್ ಯೋಹಾನೆಸನ್ ಮತ್ತು ಆನ್ ಪಾರ್ಕರ್ ಇದು ಮೆಕ್ಕೆಜೋಳದ ತೆನೆಯೆಂದೂ, ಕೊಲಂಬಸನಿಗೆ ಮುಂಚೆಯೇ ಆ ಬೆಳೆಯು ಭಾರತಕ್ಕೆ ಬಂದಿತ್ತೆಂದೂ ವಾದಿಸಿದರು. ಭಾರತೀಯ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ೧೯೯೩ರಲ್ಲಿ ಇದನ್ನು ನಿರಾಕರಿಸಿದರು. ಶಿಲ್ಪಿಯು ಮುತ್ತುಗಳಿಂದ ಕೂಡಿದ ಒಂದು ಕಲ್ಪಿತ ಫಲವನ್ನು ಕಡೆದಿರಬಹುದೆಂಬುದು ಇಂಥ ನಿರಾಕರಣೆಯ ತಿರುಳು. ಇಂದಿನ ಕಣ್ಣಿಗೆ ಪರಿಚಿತವಾದ ಆಕಾರವನ್ನು ಹಳೆಯ ಕಲ್ಲಿನಲ್ಲಿ ಕಾಣುವುದು ಸುಲಭ. ಆಗ ವಿಪರ್ಯಾಸವು ಶಿಲ್ಪದಲ್ಲಿರುವುದಿಲ್ಲ, ನೋಟದಲ್ಲಿರುತ್ತದೆ.

೪

ಇತಿಹಾಸರಚನೆಯಲ್ಲಿ ಸಂಭವಿಸುವ ಅತಿ ಸೂಕ್ಷ್ಮವಾದ ವಿಪರ್ಯಾಸವೂ ಈ ನೋಟದ್ದೇ. ವಸ್ತುಗಳ ವಿಷಯದಲ್ಲಿ ತಪ್ಪಿದರೆ ಬೇಗ ಸಿಕ್ಕಿಬೀಳುತ್ತೇವೆ. ಭಾವನೆಗಳ ವಿಷಯದಲ್ಲಿ ತಪ್ಪಿದರೆ ಸಿಕ್ಕಿಬೀಳುವುದಿಲ್ಲ. ಫ್ರೆಂಚ್ ಇತಿಹಾಸಕಾರ ಲೂಸಿಯೆಂ ಫೆವ್ರ್ ೧೯೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹದಿನಾರನೆಯ ಶತಮಾನದ ಲೇಖಕ ರಾಬ್ಲೇ ನಾಸ್ತಿಕನಾಗಿದ್ದನೆಂಬ ವಾದವನ್ನು ಪರೀಕ್ಷಿಸಿದನು. ಇಂದಿನ ಅರ್ಥದ ನಾಸ್ತಿಕತೆಗೆ ಬೇಕಾದ ಪದಗಳೂ ವಿಚಾರದ ಸಲಕರಣೆಗಳೂ ಆ ಕಾಲಕ್ಕೆ ಇರಲಿಲ್ಲವೆಂಬುದು ಅವನ ನಿರ್ಣಯ. ಆದರೆ ಫೆವ್ರನು ಇನ್ನೊಂದು ಕೊನೆಗೆ ಹೋದನೆಂಬ ಆಕ್ಷೇಪವೂ ಬಂದಿದೆ. ಕಾರ್ಲೊ ಗಿನ್ಸ್‌ಬುರ್ಗ್ ೧೯೭೬ರಲ್ಲಿ ಅದೇ ಶತಮಾನದ ಇಟಲಿಯ ಒಬ್ಬ ಗಿರಣಿಯವನ ವಿಚಾರಣೆಯ ದಾಖಲೆಗಳನ್ನು ಶೋಧಿಸಿ, ಒಂದು ಕಾಲದವರೆಲ್ಲರೂ ಒಂದೇ ರೀತಿ ಯೋಚಿಸಿದರೆಂದು ಹೇಳಲಾಗದೆಂದು ತೋರಿಸಿದನು.

ಕನ್ನಡದಲ್ಲಿ ಈ ಅಪಾಯವು ಹೆಚ್ಚು. ಏಕೆಂದರೆ ನಮ್ಮ ಪದಗಳು ಹಳೆಯವು, ಅರ್ಥಗಳು ಹೊಸವು. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ‘ರಾಷ್ಟ್ರಪತಿ’, ‘ವಿಷಯಪತಿ’, ‘ಗ್ರಾಮಕೂಟ’ ಎಂಬವರನ್ನು ಉದ್ದೇಶಿಸಿ ದಾನವನ್ನು ತಿಳಿಯಪಡಿಸುವುದು ವಾಡಿಕೆ. ಆ ರಾಷ್ಟ್ರಪತಿಯು ಒಂದು ಪ್ರಾಂತದ ಅಧಿಕಾರಿ. ವಿಷಯವೆಂದರೆ ಅದರೊಳಗಿನ ವಿಭಾಗ. ೧೯೫೦ರ ಸಂವಿಧಾನದ ರಾಷ್ಟ್ರಪತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಶಾಸನವನ್ನು ಓದಿದ ವಿದ್ಯಾರ್ಥಿಯು ಪ್ರತಿಯೊಂದು ಅಕ್ಷರವನ್ನೂ ಸರಿಯಾಗಿ ಓದಿ ಅರ್ಥವನ್ನು ಮಾತ್ರ ತಪ್ಪಾಗಿ ಗ್ರಹಿಸುತ್ತಾನೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೇಳಿದಾಗ ಅಲ್ಲಿ ೧೯೫೬ರಲ್ಲಿ ಏಕೀಕರಣಗೊಂಡ ರಾಜ್ಯದ ಕಲ್ಪನೆಯನ್ನು ಕಾಣುವುದು ವಿಪರ್ಯಾಸ, ಅಲ್ಲಿ ಭಾಷೆಯಿಂದ ಗುರುತಿಸಲ್ಪಟ್ಟ ನಾಡಿನ ಅರಿವೇ ಇರಲಿಲ್ಲವೆನ್ನುವುದೂ ಅಷ್ಟೇ ತಪ್ಪು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯನ್ನು ಇಂದಿನ ಸಂಸತ್ತೆಂದು ಕರೆಯುವುದು ಗೌರವದ ಹೋಲಿಕೆಯಾದೀತೇ ಹೊರತು ವಿವರಣೆಯಾಗಲಾರದು. ಸಂಸತ್ತಿಗೆ ಚುನಾವಣೆಯೂ ಶಾಸನಾಧಿಕಾರವೂ ಬೇಕು. ಶರಣರು ಕೇಳಿದುದು ಜನ್ಮ, ಕಾಯಕ, ಭಕ್ತಿಗಳನ್ನು ಕುರಿತ ಬೇರೆಯ ಪ್ರಶ್ನೆ. ಇಂದಿನ ಹೆಸರನ್ನು ಹಚ್ಚಿದೊಡನೆ ಆ ಪ್ರಶ್ನೆಯ ತೀಕ್ಷ್ಣತೆಯೇ ಮಸುಕಾಗುತ್ತದೆ.

ಹಾಗಾದರೆ ಇತಿಹಾಸಕಾರನು ಆಧುನಿಕ ಪದಗಳನ್ನು ಬಳಸಲೇಬಾರದೆ? ಬಳಸದೆ ಗತ್ಯಂತರವಿಲ್ಲ. ‘ಆ ಕಾಲದಲ್ಲಿ ಹಣದುಬ್ಬರವಿತ್ತು’ ಎಂದು ಬೆಲೆಗಳ ಆಧಾರದಿಂದ ಹೇಳಬಹುದು. ಅದು ನಮ್ಮ ವಿಶ್ಲೇಷಣೆ. ‘ಹಣದುಬ್ಬರವನ್ನು ತಡೆಯಬೇಕೆಂದು ಅರಸನು ಯೋಚಿಸಿದನು’ ಎಂದೊಡನೆ ನಮ್ಮ ವಿಚಾರವನ್ನು ಅವನ ತಲೆಯಲ್ಲಿ ತುಂಬಿದಂತಾಯಿತು. ನಾವು ಹೇಳುವ ಮಾತು ಯಾವುದು, ಅವರು ಆಡಬಹುದಾಗಿದ್ದ ಮಾತು ಯಾವುದು ಎಂಬ ಗೆರೆಯನ್ನು ಅಳಿಸದಿರುವುದೇ ಇಲ್ಲಿನ ನಿಯಮ.

ಅಧ್ಯಾಪಕರು ಒಂದು ಶಾಸನವನ್ನೋ ಕಾವ್ಯಭಾಗವನ್ನೋ ಪಾಠ ಹೇಳುವಾಗ ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಒಳ್ಳೆಯದು. ಈ ಕೃತಿಯು ಏನನ್ನು ವಾಗ್ದಾನ ಮಾಡಿದೆ? ಇದರಲ್ಲಿ ಹೇಳಿದ ಕಾಲಕ್ಕೆ ಹೊಂದದಿರುವುದು ಯಾವುದು? ಹೊಂದದೆಂದು ತೋರುವುದು ಪಠ್ಯದ ದೋಷವೋ ನಮ್ಮ ದೃಷ್ಟಿಯ ದೋಷವೋ? ಮೊದಲನೆಯ ಪ್ರಶ್ನೆಯಿಂದ ಕಾವ್ಯಕ್ಕೆ ನ್ಯಾಯ ದೊರೆಯುತ್ತದೆ, ಎರಡನೆಯದರಿಂದ ಕೃತಕಶಾಸನವು ಬಯಲಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕಷ್ಟವಾದುದು. ಹಿಂದಿನವರು ನಮ್ಮಂತೆಯೇ ಇದ್ದರೆಂಬ ನಂಬಿಕೆಯನ್ನು ಅದು ಕದಲಿಸುತ್ತದೆ. ಅವರು ನಮಗಿಂತ ಬೇರೆಯಾಗಿದ್ದರೆಂದು ಒಪ್ಪಿದ ಮೇಲೆಯೇ ಅವರಿಂದ ಹೊಸದಾಗಿ ಏನನ್ನಾದರೂ ಕಲಿಯುವುದು ಸಾಧ್ಯ.